ಒಂದೇ ತಂತಿಗೆ ಮೂರು ನಂಬರ್ ಯಾಕೆ?

ಓದುಗರ ಪತ್ರ: ಹೋದ ಸಂಚಿಕೆಯ ಡಿವೈಸ್ ಟ್ರೀ (ಬೋರ್ಡಿನಲ್ಲಿ ಯಾವ ಸಾಧನ ಎಲ್ಲಿದೆ ಅಂತ ಲಿನಕ್ಸ್‌ಗೆ ತಿಳಿಸುವ ಫೈಲ್) ಲೇಖನ ಓದಿ, ನನ್ನ ಆರ್ಮ್ ಬೋರ್ಡಿನ ಸೀರಿಯಲ್ ಪೋರ್ಟ್‌ಗೆ ವಿವರಣೆ ಬರೆದೆ. ಮ್ಯಾನುಯಲ್‌ನಲ್ಲಿ ಅದರ ಇಂಟರಪ್ಟ್ (ಸಾಧನ ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) 68 ಅಂತಿದೆ. ಅದನ್ನೇ ಹಾಕಿದರೆ ಇಂಟರಪ್ಟ್ ಬರಲೇ ಇಲ್ಲ. 36 ಹಾಕಿದಾಗ ಬಂತು. ಬೂಟ್ ಆದ ಮೇಲೆ ಲಿನಕ್ಸ್ 23 ಅಂತ ತೋರಿಸುತ್ತಿದೆ. ಇದನ್ನೆಲ್ಲ ಕರ್ನಲ್ (ಲಿನಕ್ಸ್‌ನ ತಿರುಳು) ತಾನೇ ಕಂಡುಕೊಳ್ಳಬಾರದಾ? ಇನ್ನೊಂದು ಪ್ರಶ್ನೆ. ಟಚ್ ಚಿಪ್ ಆಗಾಗ ಸುಮ್ಮನಾಗಿಬಿಡುತ್ತದೆ. ಡಿವೈಸ್ ಟ್ರೀಯಲ್ಲಿ ಅದರ ಇಂಟರಪ್ಟ್‌ಗೆ ಬರೆದ ಕೊನೆಯ ಅಂಕಿ ಬದಲಿಸುತ್ತಾ ಹೋಗು, ಯಾವುದು ಕೆಲಸ ಮಾಡುತ್ತದೋ ಅದನ್ನೇ ಇಟ್ಟುಕೋ ಅಂತ ಗೆಳೆಯರು ಹೇಳುತ್ತಾರೆ. ಸರಿಯೇ?

ಸಂಪಾದಕರ ಉತ್ತರ: ಮಿತ್ರರೇ, ನಿಮ್ಮ ಮೂರೂ ನಂಬರ್ ಸರಿಯಾಗಿವೆ. ಎಣಿಸಿದವರು ಬೇರೆ ಬೇರೆ, ಅಷ್ಟೇ.

ನಿಮ್ಮ ಬೋರ್ಡಿನಲ್ಲಿರುವುದು ಜಿಐಸಿ, ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್. ಅದರಲ್ಲಿ 0ರಿಂದ 15, ಪ್ರೊಸೆಸರ್‌ನ ಕೋರ್‌ಗಳು ಒಂದಕ್ಕೊಂದು ಕಳಿಸುವ ಇಂಟರಪ್ಟ್‌ಗಳಿಗೆ. 16ರಿಂದ 31 ಆಯಾ ಕೋರ್‌ನ ಖಾಸಗಿ ಇಂಟರಪ್ಟ್‌ಗಳಿಗೆ. ಟೈಮರ್ ಇಲ್ಲೇ ಇರುತ್ತದೆ. ಸೀರಿಯಲ್ ಪೋರ್ಟ್‌ನಂಥ ಸಾಧನಗಳು 32ರಿಂದ ಶುರು. ನಿಮ್ಮ ಮ್ಯಾನುಯಲ್ ಮೊದಲಿಂದ ಎಣಿಸಿ 68 ಎಂದಿದೆ. ಡಿವೈಸ್ ಟ್ರೀಯಲ್ಲಿ ಜಿಐಸಿಗೆ ಮೂರು ಅಂಕಿ ಬೇಕು. ಮೊದಲನೆಯದು ಗುಂಪು. ಎಲ್ಲ ಕೋರ್‌ಗೂ ಸೇರಿದ್ದಾದರೆ 0, ಖಾಸಗಿಯಾದರೆ 1. ಎರಡನೆಯದು ಆ ಗುಂಪಿನೊಳಗಿನ ನಂಬರ್. 68ರಲ್ಲಿ 32 ಕಳೆಯಿರಿ, 36 ಬಂತಲ್ವಾ? ಮೂರನೆಯದರ ಮಾತು ಕೆಳಗೆ ಬರುತ್ತದೆ. ಕೆಲವು ಮ್ಯಾನುಯಲ್‌ಗಳು 32 ಕಳೆದೇ ಕೊಟ್ಟಿರುತ್ತವೆ, ಅದನ್ನು ಮೊದಲು ನೋಡಿಕೊಳ್ಳಬೇಕು. 23 ಲಿನಕ್ಸ್ ತನ್ನ ಲೆಕ್ಕಕ್ಕೆ ಕೊಟ್ಟುಕೊಂಡ ನಂಬರ್. ಮುಂದಿನ ಕರ್ನಲ್‌ನಲ್ಲಿ ಅದು ಬದಲಾಗಬಹುದು. ಲಿನಕ್ಸ್ 23 ತೋರಿಸಿದ ಸಾಲಿನಲ್ಲೇ ಬಲಕ್ಕೆ ನೋಡಿ, ಕಂಟ್ರೋಲರ್ ಹೆಸರಿನ ಪಕ್ಕ 68 ಇರುತ್ತದೆ.

ಕರ್ನಲ್ ತಾನೇ ಯಾಕೆ ಕಂಡುಕೊಳ್ಳುವುದಿಲ್ಲ? ಕೇಳಿದರೆ ಹೇಳುವವರು ಯಾರೂ ಇಲ್ಲ. ಯುಎಸ್‌ಬಿ ಸಾಧನ ತಾನು ಯಾರು ಅಂತ ಹೇಳಿಕೊಳ್ಳುತ್ತದೆ. ಚಿಪ್ಪಿನೊಳಗಿನ ಸೀರಿಯಲ್ ಪೋರ್ಟ್ ಹೇಳುವುದಿಲ್ಲ. ಅದರ ತಂತಿ ಎಲ್ಲಿಗೆ ಹೋಗಿದೆ ಅಂತ ಚಿಪ್ ಮಾಡಿದವರಿಗೆ ಮಾತ್ರ ಗೊತ್ತು. ಪಿಸಿಯಲ್ಲೂ ಯಾರೋ ಬರೆದುಕೊಟ್ಟೇ ಇರುತ್ತಾರೆ, ಅಲ್ಲಿ ಫರ್ಮ್‌ವೇರ್ ಕೊಡುವ ಎಸಿಪಿಐ ಕೋಷ್ಟಕಗಳು ಆ ಕೆಲಸ ಮಾಡುತ್ತವೆ.

ಇನ್ನೊಂದು ಮುಖ್ಯ ವಿಷಯ. ಆ ಅಂಕಿಗಳ ಅರ್ಥ ಹೇಳುವುದು ಕಂಟ್ರೋಲರ್. ‘ಇಂಟರಪ್ಟ್-ಸೆಲ್ಸ್’ ಎಂಬ ಗುಣ ಎಷ್ಟು ಅಂಕಿ ಬೇಕು ಅಂತ ತಿಳಿಸುತ್ತದೆ. ಜಿಐಸಿಗೆ ಸಾಮಾನ್ಯವಾಗಿ ಮೂರು, ರಿಸ್ಕ್-ಫೈವ್ ಪ್ರೊಸೆಸರ್‌ಗಳ ಇಂಟರಪ್ಟ್ ಕಂಟ್ರೋಲರ್ ಪ್ಲಿಕ್‌ಗೆ ಒಂದು, ಜಿಪಿಐಒ (ಸಾಮಾನ್ಯ ಬಳಕೆಯ ಪಿನ್‌ಗಳ) ಕಂಟ್ರೋಲರ್‌ಗೆ ಹೆಚ್ಚಾಗಿ ಎರಡು. ನಿಮ್ಮ ಟಚ್ ಚಿಪ್‌ನ ತಂತಿ ಜಿಪಿಐಒಗೆ ಹೋದರೆ ‘ಇಂಟರಪ್ಟ್-ಪೇರೆಂಟ್’ ಆಗಿ ಅದನ್ನೇ ತೋರಿಸಬೇಕು. ಬರೆಯದಿದ್ದರೆ ಡಿವೈಸ್ ಟ್ರೀಯಲ್ಲಿ ಅದರ ಮೇಲಿನ ನೋಡ್‌ನದು (ಅದನ್ನು ಒಳಗೊಂಡ ವಿವರಣೆಯದು) ಬರುತ್ತದೆ, ಅದು ಹೆಚ್ಚಾಗಿ ಜಿಐಸಿಯೇ ಆಗಿರುತ್ತದೆ.

ಈಗ ಗೆಳೆಯರ ಸಲಹೆ. ದಯವಿಟ್ಟು ಹಾಗೆ ಮಾಡಬೇಡಿ. ಕೊನೆಯ ಅಂಕಿ ತಂತಿಯ ನಡವಳಿಕೆಯನ್ನು ಹೇಳುತ್ತದೆ. 1 ಅಂದರೆ ಮೇಲಕ್ಕೇರುವ ಅಂಚು (ಅಂಚು ಅಂದರೆ ತಂತಿಯ ಮಟ್ಟ ಬದಲಾಗುವ ಕ್ಷಣ), 2 ಕೆಳಗಿಳಿಯುವ ಅಂಚು, 4 ಮೇಲೇ ನಿಲ್ಲುವ ಮಟ್ಟ, 8 ಕೆಳಗೇ ನಿಲ್ಲುವ ಮಟ್ಟ. ಎಷ್ಟೋ ಟಚ್ ಚಿಪ್‌ಗಳು ಡೇಟಾ ಓದುವವರೆಗೂ ತಂತಿಯನ್ನು ಕೆಳಗೇ ಹಿಡಿದಿರುತ್ತವೆ. ಅಂಥದ್ದಕ್ಕೆ 2 ಬರೆದರೆ ಬಹಳ ಹೊತ್ತು ನಡೆಯುತ್ತದೆ. ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಓದಿ ಮುಗಿಸುವಷ್ಟರಲ್ಲಿ ಮತ್ತೊಂದು ಸ್ಪರ್ಶ ಬಂದರೆ ತಂತಿ ಮೇಲೇಳುವುದೇ ಇಲ್ಲ. ಹೊಸ ಅಂಚು ಇಲ್ಲ, ಹಾಗಾಗಿ ಹೊಸ ಇಂಟರಪ್ಟ್ ಇಲ್ಲ. ಬಾಗಿಲು ತೆರೆಯುವ ಸದ್ದಿಗೆ ಮಾತ್ರ ಏಳುವವನಿಗೆ, ಬಾಗಿಲು ತೆರೆದೇ ಇದೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಚಿಪ್ ಸುಮ್ಮನಾಗುವುದು ಇದಕ್ಕೇ ಇರಬಹುದು.

ತಿರುಗುಮುರುಗಾಗಿ, ತಂತಿ ಸುಮ್ಮನಿರುವಾಗಿನ ಮಟ್ಟವನ್ನೇ ಇಂಟರಪ್ಟ್ ಅಂತ ಬರೆದರೆ ಇಂಟರಪ್ಟ್ ನಿಲ್ಲದೆ ಬರುತ್ತದೆ. 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿಯನ್ನು ಯಾವ ಡ್ರೈವರೂ ತನ್ನದೆನ್ನದಿದ್ದರೆ ಲಿನಕ್ಸ್ ಆ ಇಂಟರಪ್ಟನ್ನೇ ಮುಚ್ಚಿಬಿಡುತ್ತದೆ. ಚಿಪ್‌ಗೂ ಕಂಟ್ರೋಲರ್‌ಗೂ ನಡುವೆ ಇನ್ವರ್ಟರ್ (ಸಂಕೇತವನ್ನು ತಲೆಕೆಳಗು ಮಾಡುವ ಭಾಗ) ಇದ್ದರೆ, ಕಂಟ್ರೋಲರ್‌ನ ಪಿನ್‌ನಲ್ಲಿ ಕಾಣುವುದನ್ನು ಬರೆಯಿರಿ. ಜಿಐಸಿಯಲ್ಲಿ ಎಲ್ಲ ಕೋರ್‌ಗೂ ಸೇರಿದ ಗುಂಪು ಕೊನೆಯ ಅಂಕಿಯಾಗಿ 1 ಅಥವಾ 4 ಮಾತ್ರ ಒಪ್ಪುತ್ತದೆ.

ಈ ಫೈಲ್ ಇವತ್ತಿನ ಒಂದು ಡ್ರೈವರ್‌ಗಾಗಿ ಮಾತ್ರ ಇರುವುದಲ್ಲ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್, ಯು-ಬೂಟ್ ಎಂಬ ಬೂಟ್‌ಲೋಡರ್ ಕೂಡ ಡಿವೈಸ್ ಟ್ರೀ ಓದುತ್ತವೆ. ಆದ್ದರಿಂದ ಚಿಪ್‌ನ ಡೇಟಾಶೀಟ್ ತೆರೆದು ಇಂಟರಪ್ಟ್ ಪಿನ್‌ನ ಟೈಮಿಂಗ್ ಚಿತ್ರ ನೋಡಿ. ಓದುವವರೆಗೂ ಕೆಳಗೇ ಇದ್ದರೆ 8, ಚಿಕ್ಕ ಪಲ್ಸ್ ಆದರೆ 2. ಜಿಪಿಐಒ ಕಂಟ್ರೋಲರ್ ಮಟ್ಟದ ಇಂಟರಪ್ಟ್ ಒಪ್ಪುತ್ತದೆಯೇ ಎಂದೂ ಅದರ ಬೈಂಡಿಂಗ್ ದಾಖಲೆಯಲ್ಲಿ (ಡಿವೈಸ್ ಟ್ರೀಯಲ್ಲಿ ಅದನ್ನು ಹೇಗೆ ಬರೆಯಬೇಕು ಅಂತ ಹೇಳುವ ದಾಖಲೆ) ನೋಡಿಕೊಳ್ಳಿ.