ಓದುಗರ ಕುತೂಹಲ: ಪ್ಲೇಟಿನ ಮೇಲಿನ ನಾಯಿ ಕೇಳುತ್ತಿದ್ದುದು ಯಾರ ದನಿ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹಾಡು, ಸಾಬೂನು, ರೇಡಿಯೋ ಕುರಿತವು. ಗ್ರಾಮೋಫೋನ್ ರಿಪೇರಿ ಮಾಡುತ್ತಿದ್ದವರ ಮನೆಯಲ್ಲಿ ಬೆಳೆದು, ಹಳೆಯ ಹಾಡಿನ ಪ್ಲೇಟು, ಹಳೆಯ ಜಾಹೀರಾತುಗಳನ್ನು ಕೂಡಿಸುತ್ತ ಬಂದ ನನಗೆ ಇದಕ್ಕಿಂತ ಪ್ರಿಯವಾದ ವಿಷಯವಿಲ್ಲ. ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ. ಅದಕ್ಕೆ ಅಷ್ಟು ಜಾಗ ಬೇಕು.

ಪ್ರಶ್ನೆ: ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್, ಅಂದರೆ ಯಜಮಾನನ ದನಿ) ಪ್ಲೇಟಿನ ಮೇಲಿರುವ ನಾಯಿ ಸತ್ತುಹೋದ ಯಜಮಾನನ ಶವಪೆಟ್ಟಿಗೆಯ ಮೇಲೆ ಕುಳಿತು ಅವನದೇ ದನಿ ಕೇಳುತ್ತಿದೆ ಎಂದು ಮೊಬೈಲಿಗೆ ಸಂದೇಶ ಬಂದಿದೆ. ನಿಜವೇ? (ಓದುಗರೊಬ್ಬರು, ಗದಗ)

ನಂಬಬೇಡಿ. ವರ್ಷಗಳನ್ನು ಜೋಡಿಸಿ ನೋಡಿದರೆ ಆ ಕಥೆ ನಿಲ್ಲುವುದಿಲ್ಲ.

ನಾಯಿಯ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿತು. ಅದರ ಯಜಮಾನ ಮಾರ್ಕ್ ಬರಾಡ್ ನಾಟಕಶಾಲೆಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವನು. 1887ರಲ್ಲಿ ಬಡತನದಲ್ಲೇ ತೀರಿಕೊಂಡ. ನಾಯಿಯನ್ನು ಅವನ ಸಹೋದರ, ಚಿತ್ರಕಾರ ಫ್ರಾನ್ಸಿಸ್ ಬರಾಡ್ ಸಾಕಿಕೊಂಡ. ಎಡಿಸನ್ ದನಿ ಅಚ್ಚು ಹಾಕುವ ತನ್ನ ಸುಧಾರಿತ ಮೇಣದ ಸಿಲಿಂಡರ್ ಯಂತ್ರವನ್ನು, ಅಂದರೆ ಫೋನೋಗ್ರಾಫನ್ನು, ಹೊರತಂದದ್ದು 1888ರಲ್ಲಿ. ಕೈಯಲ್ಲಿ ಕಾಸಿಲ್ಲದೆ ಅದಕ್ಕೂ ಹಿಂದಿನ ವರ್ಷವೇ ಸತ್ತವನ ದನಿ ಮನೆಯಲ್ಲಿ ಅಚ್ಚಾಗಿ ಉಳಿದಿತ್ತು ಎಂಬುದನ್ನು ಒಪ್ಪುವುದು ಹೇಗೆ? ನಿಪ್ಪರ್ ಕೂಡ 1895ರಲ್ಲಿ ಸತ್ತಿತು. ಚಿತ್ರ ಸಿದ್ಧವಾದದ್ದು ಅದರ ಮೂರು ವರ್ಷಗಳ ನಂತರ. ಯಜಮಾನ ಹೋಗಿ ಅಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಶವಪೆಟ್ಟಿಗೆ ಎನ್ನುವುದು ಹೊಳಪಿನ ಮರದ ಹಲಗೆಯನ್ನು ನೋಡಿದವರು ನಂತರ ಕಟ್ಟಿಕೊಂಡದ್ದು. ಫೋನೋಗ್ರಾಫ್ ಮಾತನಾಡಿದಾಗ ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ನಾಯಿ ಕಕ್ಕಾಬಿಕ್ಕಿಯಾಗುತ್ತಿತ್ತು, ಅದನ್ನೇ ಬರೆದೆ ಎಂದು ಫ್ರಾನ್ಸಿಸ್ ಹೇಳಿದ್ದಾನೆ.

ಈಗ ನನ್ನನ್ನು ತುಂಬ ದಿನ ಕಾಡಿದ ಸಂಗತಿಗೆ ಬರುತ್ತೇನೆ. ಆ ಚಿತ್ರದಲ್ಲಿ ಮೊದಲು ಗ್ರಾಮೋಫೋನ್ ಇರಲೇ ಇಲ್ಲ. ಇದ್ದದ್ದು ಎಡಿಸನ್-ಬೆಲ್ ಕಂಪನಿಯ ಸಿಲಿಂಡರ್ ಫೋನೋಗ್ರಾಫ್, ಕಪ್ಪು ಕಹಳೆಯದು. ಫ್ರಾನ್ಸಿಸ್ ಅದನ್ನು ಆ ಕಂಪನಿಗೇ ಒಯ್ದು ತೋರಿಸಿದ, ಅವರು ಬೇಡವೆಂದರು. ಕಪ್ಪು ಕಹಳೆ ಮಂಕಾಗಿ ಕಾಣುತ್ತದೆ, ಹಿತ್ತಾಳೆಯದಾದರೆ ಚೆನ್ನ ಎಂದು ಯಾರೋ ಹೇಳಿದ್ದರಿಂದ 1899ರಲ್ಲಿ ಲಂಡನ್ನಿನ ಗ್ರಾಮೋಫೋನ್ ಕಂಪನಿಗೆ ಒಂದು ಕಹಳೆ ಎರವಲು ಕೇಳಲು ಹೋದ. ಅಲ್ಲಿನ ವ್ಯವಸ್ಥಾಪಕ ವಿಲಿಯಂ ಬ್ಯಾರಿ ಓವನ್ ಚಿತ್ರವನ್ನು ನೋಡಿ, ಹಳೆಯ ಯಂತ್ರವನ್ನು ಅಳಿಸಿ ನಮ್ಮದನ್ನು ಬರೆದುಕೊಟ್ಟರೆ ಕೊಳ್ಳುತ್ತೇವೆ ಎಂದ. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ಮೂಲ ಚಿತ್ರವನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಬಣ್ಣದ ಅಡಿಯಲ್ಲಿ ಹಳೆಯ ಯಂತ್ರದ ಗೆರೆಗಳು ಇಂದಿಗೂ ಎದ್ದು ಕಾಣುತ್ತವೆ.

ನಮ್ಮ ತಂದೆಯವರು ಯಂತ್ರ ಬಿಚ್ಚಿಟ್ಟು, ಪಿನ್ನಿನ ನಡುಕವನ್ನು ದನಿಯಾಗಿಸುವ ಸೌಂಡ್ ಬಾಕ್ಸ್ ತೋರಿಸುತ್ತ ಹೇಳುತ್ತಿದ್ದರು: ಇದು ಹಾಡುತ್ತದೆ, ಆದರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಆ ಮಾತನ್ನು ಈ ಚಿತ್ರದ ಜೊತೆಗಿಟ್ಟು ನೋಡಿ. ಸಿಲಿಂಡರ್ ಯಂತ್ರದಲ್ಲಿ ಮನೆಯವರೇ ತಮ್ಮ ದನಿಯನ್ನು ಮೇಣದ ಮೇಲೆ ಅಚ್ಚು ಹಾಕಬಹುದಿತ್ತು. ಗ್ರಾಮೋಫೋನಿನಲ್ಲಿ ಅದು ಸಾಧ್ಯವಿರಲಿಲ್ಲ. ಕಾರ್ಖಾನೆಯಲ್ಲಿ ಒತ್ತಿದ ಪ್ಲೇಟನ್ನು ಇಟ್ಟು, ಕೀ ಕೊಟ್ಟು, ಪಿನ್ನು ಹಾಕಿ ಕೇಳಬಹುದಿತ್ತು, ಅಷ್ಟೇ. ಹಾಗಾಗಿ ಒಂದು ನಾಯಿಗೆ ತನ್ನ ಯಜಮಾನನ ದನಿಯನ್ನು ಕೇಳಿಸಬಲ್ಲ ಯಂತ್ರ ಬಣ್ಣದ ಅಡಿಯಲ್ಲಿ ಮುಚ್ಚಿಹೋದದ್ದು. ಮೇಲೆ ಕಾಣುವ ಯಂತ್ರಕ್ಕೆ ಆ ಶಕ್ತಿ ಇರಲಿಲ್ಲ. ಜಗತ್ತಿನಾದ್ಯಂತ ಹೆಸರಾದದ್ದು ಮಾತ್ರ ಅದೇ.

ಪ್ರಶ್ನೆ: ಹಳೆಯ ಹಿಂದೂಸ್ತಾನಿ ಪ್ಲೇಟುಗಳ ಕೊನೆಯಲ್ಲಿ ಗಾಯಕಿಯರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗುತ್ತಾರಲ್ಲ, ಅದು ಅಂದಿನ ಫ್ಯಾಷನ್ನೇ? (ಕಲಬುರಗಿ)

ಫ್ಯಾಷನ್ ಅಲ್ಲ, ಕೆಲಸಕ್ಕೆ ಬೇಕಾಗಿದ್ದ ಗುರುತು. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು, ಅಲ್ಲಿ ಪ್ಲೇಟು ಒತ್ತಬೇಕು, ಲೇಬಲ್ ಅಂಟಿಸಬೇಕು. ಅಲ್ಲಿನವರಿಗೆ ಇಲ್ಲಿನ ಭಾಷೆ ಬಾರದು, ಹಾಡಿದವರು ಯಾರೆಂದು ತಿಳಿಯದು. ಅದಕ್ಕಾಗಿ ಹಾಡು ಮುಗಿದ ಕೂಡಲೇ ಹೆಸರು ಹೇಳಿಸುತ್ತಿದ್ದರು. ಮೂರು ನಿಮಿಷದೊಳಗೆ ಖಯಾಲನ್ನೋ ಠುಮ್ರಿಯನ್ನೋ ಕಟ್ಟಿ ಮುಗಿಸಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಎನ್ನುವ ಆ ದನಿಯ ಗತ್ತು ಎಷ್ಟು ಸಲ ಕೇಳಿದರೂ ನನಗೆ ಹಳತಾಗುವುದಿಲ್ಲ.

ಈ ಮಹಾ ಗಾಯಕಿಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಭಾರತದ ಧ್ವನಿಮುದ್ರಣದ ಮೊದಲ ತಾರೆ ನಮ್ಮೂರಿನಲ್ಲಿ ಮಣ್ಣಾದರು ಎಂಬುದು ಮೈಸೂರಿನ ಎಷ್ಟು ಮಂದಿಗೆ ಗೊತ್ತು? ಶಾಲೆಯ ಪಾಠದಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಪ್ರಶ್ನೆ: ಪಾರ್ಲೆ-ಜಿ ಪೊಟ್ಟಣದ ಮೇಲಿನ ಮಗು ಈಗ ಎಲ್ಲಿದ್ದಾರೆ? (ತಿಪಟೂರು)

ಎಲ್ಲಿಯೂ ಇಲ್ಲ, ಅದು ಕೈಯಲ್ಲಿ ಬರೆದ ಚಿತ್ರ. ಎವರೆಸ್ಟ್ ಜಾಹೀರಾತು ಸಂಸ್ಥೆಯ ಕಲಾವಿದ ಮಗನ್‌ಲಾಲ್ ದಹಿಯಾ ಬರೆದದ್ದು ಎಂದು ಕಂಪನಿಯೇ ಹೇಳಿದೆ. ಯಾರ ಯಾರದೋ ಫೋಟೋ ಹಾಕಿ "ಇವರೇ ಆ ಮಗು" ಎಂದು ಬರುವುದನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಪ್ರಶ್ನೆ: ಇಡೀ ಭಾರತ ಕೇಳುತ್ತಿದ್ದ ಹಿಂದಿ ಸಿನಿಮಾ ಹಾಡಿನ ರೇಡಿಯೋ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಸಿಲೋನಿನಿಂದ ಏಕೆ ಬರುತ್ತಿತ್ತು? ನಮ್ಮ ಆಕಾಶವಾಣಿಯಿಂದ ಏಕಿಲ್ಲ? (ಬೆಳಗಾವಿ)

ಅದಕ್ಕೆ ಕಾರಣ ನಮ್ಮವರೇ, ತಾಯಿ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿ. ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆ ಎಂಬುದು ಅವರ ದೃಢ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಪಾಲು ಕುಗ್ಗುತ್ತ ಬಂದು, ನಿರ್ಮಾಪಕರ ಜೊತೆ ತಕರಾರಾಗಿ, ಕೊನೆಗೆ ನಿಂತೇಹೋಯಿತು. ಆಕಾಶವಾಣಿ ಜಾಹೀರಾತನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅತ್ತ ಕೊಲಂಬೋದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಹಾಕಿದ್ದ ಬಲಿಷ್ಠ ಶಾರ್ಟ್‌ವೇವ್ ಪ್ರಸಾರಯಂತ್ರ ರೇಡಿಯೋ ಸಿಲೋನಿನ ಕೈಯಲ್ಲಿತ್ತು. ಬಿನಾಕಾ ಟೂತ್‌ಪೇಸ್ಟಿನವರಿಗೆ ಭಾರತದ ಕೇಳುಗರು ಬೇಕಿತ್ತು.

1952ರ ಡಿಸೆಂಬರ್ 3ರಂದು ಗೀತ್‌ಮಾಲಾ ಶುರುವಾಯಿತು. ಅಮೀನ್ ಸಯಾನಿ ಮುಂಬೈಯಲ್ಲೇ ಮಾತನಾಡಿ ಮುದ್ರಿಸುತ್ತಿದ್ದರು. ಟೇಪು ಕೊಲಂಬೋಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ಮರಳಿ ನಮ್ಮ ಮನೆಗೆ ಬರುತ್ತಿತ್ತು. ಮೊದಮೊದಲು ಅವರಿಗೆ ಸಿಗುತ್ತಿದ್ದುದು ವಾರಕ್ಕೆ 25 ರೂಪಾಯಿ, ಕೇಳುಗರ ಪತ್ರ ನೋಡುವ ಕೆಲಸವೂ ಅದರಲ್ಲೇ. ಬುಧವಾರ ರಾತ್ರಿ ಎಂಟಕ್ಕೆ ಬೀದಿಗಳು ಬಿಕೋ ಎನ್ನುತ್ತಿದ್ದವು ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಕೇಳುಗರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಅದರಲ್ಲಿ ಜಾಹೀರಾತು ಬಂದದ್ದು 1967ರ ನವೆಂಬರಿನಲ್ಲಿ. ಕೇಸ್ಕರ್ ಅವರಿಂದ ಶಾಸ್ತ್ರೀಯ ಸಂಗೀತಕ್ಕೆ ದೊಡ್ಡ ಉಪಕಾರವಾಯಿತು. ಎಷ್ಟೋ ವಿದ್ವಾಂಸರ ಮನೆಯ ಒಲೆ ಆಕಾಶವಾಣಿಯ ಸಂಭಾವನೆಯಿಂದ ಉರಿಯಿತು. ಆದರೆ ಜನರ ಕಿವಿಗೆ ಬೇಲಿ ಹಾಕಲು ಅವರಿಂದ ಆಗಲಿಲ್ಲ. ಅದು ಯಾರಿಂದಲೂ ಆಗುವಂಥದಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಯಾರು? (ಧಾರವಾಡ)

ನಿಮ್ಮ ಊರಿನಲ್ಲೇ ಹುಟ್ಟಿದವರು, ಲೀಲಾ ಚಿಟ್ನಿಸ್! ಅಲ್ಲಿಯವರೆಗೆ ಲಕ್ಸ್ ಜಾಹೀರಾತುಗಳಲ್ಲಿ ನಗುತ್ತಿದ್ದವರು ಹಾಲಿವುಡ್ಡಿನ ನಟಿಯರು. ಬಾಂಬೆ ಟಾಕೀಸ್‌ನ "ಕಂಗನ್", "ಬಂಧನ್" ಚಿತ್ರಗಳಲ್ಲಿ ಅಶೋಕ್ ಕುಮಾರ್ ಜೊತೆ ನಟಿಸಿ ಲೀಲಾ ಮನೆಮಾತಾಗಿದ್ದರು. 1941ರಲ್ಲಿ ಅವರ ಮುಖ ಲಕ್ಸ್ ಜಾಹೀರಾತಿಗೆ ಬಂತು. ಪದವಿ ಪಡೆದ, ಮಕ್ಕಳ ತಾಯಿಯಾದ ಹೆಣ್ಣುಮಗಳು ಸಿನಿಮಾಕ್ಕೆ ಹೋಗುವುದನ್ನು ಸಮಾಜ ಸಹಿಸದಿದ್ದ ಕಾಲ ಅದು. "ಆವಾರಾ"ದಲ್ಲಿ ರಾಜ್ ಕಪೂರರ ತಾಯಿ, "ಗೈಡ್"ನಲ್ಲಿ ದೇವ್ ಆನಂದರ ತಾಯಿ ಎಂದರೆ ಹೆಚ್ಚಿನವರಿಗೆ ಗುರುತು ಹತ್ತುತ್ತದೆ. 2003ರಲ್ಲಿ ಅಮೆರಿಕದಲ್ಲಿ ನಿಧನರಾದರು.

ಪ್ರಶ್ನೆ: ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ ಪ್ರಾಣಿ ಆನೆಯೋ ಸಿಂಹವೋ? (ಚನ್ನರಾಯಪಟ್ಟಣ)

ಎರಡೂ. ಸಿಂಹದ ಮೈ, ಆನೆಯ ತಲೆ, ಅದು ಶರಭ. ಅಂಚಿನ ಹೂಬಳ್ಳಿಯ ಒಳಗೆ ಇರುವ ಆ ಪ್ರಾಣಿಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ, ಸೊಂಡಿಲು ಸ್ಪಷ್ಟವಾಗಿ ಕಾಣುತ್ತದೆ. ಈ ಸಾಬೂನಿನ ಹಿಂದೆ ಒಂದು ಯುದ್ಧವಿದೆ. ಮೈಸೂರಿನ ಶ್ರೀಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಬಂದು ಹಡಗುಗಳು ನಿಂತಾಗ ಸಂಸ್ಥಾನದಲ್ಲಿ ಗಂಧದ ತುಂಡುಗಳು ರಾಶಿ ಬಿದ್ದವು. ನಾಲ್ವಡಿಯವರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆಯನ್ನೇ ಹಾಕಿದರು. ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಾದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ನೆರವಾದರು. ಸಾಬೂನಿನ ತಂತ್ರ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಅವರು ಮರಳಿ ಬಂದು ಗಂಧದೆಣ್ಣೆಯನ್ನು ಸಾಬೂನಿನಲ್ಲಿ ನಿಲ್ಲಿಸುವ ಹದ ಕಂಡುಕೊಂಡರು. ಅವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಪ್ರಶ್ನೆ: ಹಳೆಯ ಪತ್ರಿಕೆಯ ಫೋಟೋ ಕೆಳಗೆ "ಡಾಲ್ಡಾ 13" ಎಂದಿದೆ. ಇದು ಎಣ್ಣೆಯ ಜಾಹೀರಾತೇ? (ಪುತ್ತೂರು)

ಅಲ್ಲ, ಅದು ಹೋಮಾಯಿ ವ್ಯಾರಾವಾಲಾ ಅವರ ಗುಪ್ತನಾಮ, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯದು. ಅವರ ಮೊದಲ ಕಾರಿನ ಸಂಖ್ಯೆ ಡಿಎಲ್‌ಡಿ 13. ಜೊತೆಗೆ ಅವರು ಹುಟ್ಟಿದ್ದು 1913ರಲ್ಲಿ, ಗಂಡನಾಗಲಿದ್ದವರನ್ನು ಮೊದಲು ಕಂಡದ್ದು ಹದಿಮೂರನೆಯ ವಯಸ್ಸಿನಲ್ಲಿ. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು ಸೈಕಲ್ಲಿನಲ್ಲಿ ದಿಲ್ಲಿ ಸುತ್ತಿದರು. ಪಾರಿವಾಳ ಹಾರಿಬಿಡುತ್ತಿರುವ ನೆಹರೂ ಅವರ ಹೆಸರಾಂತ ಚಿತ್ರ ತೆಗೆದದ್ದು ಅವರೇ. 1970ರಲ್ಲಿ ಛಾಯಾಗ್ರಹಣವನ್ನು ಬಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು. ನಿಮ್ಮಲ್ಲಿರುವ ಆ ಪತ್ರಿಕೆಯ ಪುಟವನ್ನು ಮಡಿಸದೆ, ಬಿಸಿಲಿಗೆ ಬೀಳದಂತೆ ಎತ್ತಿಡಿ. ತಾರೀಖು ಕಾಣಿಸುತ್ತಿದ್ದರೆ ನನಗೆ ಬರೆದು ತಿಳಿಸಿ.