ಮೊಡವೆಗೆ ಸತುವಿನ ಮಾತ್ರೆ: ಎಷ್ಟು, ಎಲ್ಲಿಯವರೆಗೆ?

ಪ್ರಶ್ನೆ: ನನಗೆ 22 ವರ್ಷ, ಎಂ.ಕಾಂ. ಓದುತ್ತಿದ್ದೇನೆ. ಕೆನ್ನೆ ಮತ್ತು ಗದ್ದದ ಮೇಲೆ ಕೀವು ತುಂಬಿದ ಮೊಡವೆಗಳು ಏಳುತ್ತಿದ್ದವು. ಸತು, ಅಂದರೆ ಜಿಂಕ್, ಸೇವಿಸಿದರೆ ಗುಣವಾಗುತ್ತದೆಂದು ಗೆಳತಿ ಹೇಳಿದ್ದರಿಂದ 220 ಮಿ.ಗ್ರಾಂ. ಜಿಂಕ್ ಸಲ್ಫೇಟ್ ಮಾತ್ರೆಯನ್ನು ಬೆಳಿಗ್ಗೆ, ರಾತ್ರಿ ಒಂದೊಂದರಂತೆ ಐದು ತಿಂಗಳಿಂದ ನುಂಗುತ್ತಿದ್ದೇನೆ. ಮೊಡವೆ ಅರ್ಧದಷ್ಟು ಇಳಿದಿದೆ, ಆದರೆ ಬೆಳಗಿನ ಮಾತ್ರೆಯಾದ ಮೇಲೆ ಹೊಟ್ಟೆ ತೊಳಸುತ್ತದೆ. ರಕ್ತ ಕಡಿಮೆಯಿದೆಯೆಂದು ಎರಡು ತಿಂಗಳಿಂದ ಅದರ ಜೊತೆಯಲ್ಲೇ ಕಬ್ಬಿಣದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಹಿಮೋಗ್ಲೋಬಿನ್ ಮಾತ್ರ 9.4ರಲ್ಲೇ ನಿಂತಿದೆ. ಮೊಡವೆ ಪೂರ್ತಿ ಹೋಗುವವರೆಗೆ ಸತುವನ್ನು ಮುಂದುವರಿಸಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮುಂದುವರಿಸಬೇಡಿ. ಗೆಳತಿ ಹೇಳಿದ್ದು ಸುಳ್ಳಲ್ಲ, ಆದರೆ ನೀವು ನುಂಗುತ್ತಿರುವ ಪ್ರಮಾಣ ಬಹಳ ಹೆಚ್ಚಾಯಿತು.

ಜಿಂಕ್ ಸಲ್ಫೇಟ್ ಎಂಬುದು ಸತುವಿನ ಒಂದು ಲವಣ. 220 ಮಿ.ಗ್ರಾಂ. ಲವಣದಲ್ಲಿ ನಿಜವಾದ ಸತು ಸುಮಾರು 50 ಮಿ.ಗ್ರಾಂ. ಇರುತ್ತದೆ. ಹಾಗಾಗಿ ನಿಮ್ಮ ದೇಹಕ್ಕೆ ದಿನವೂ ಹೋಗುತ್ತಿರುವುದು ಹತ್ತಿರ ಹತ್ತಿರ 100 ಮಿ.ಗ್ರಾಂ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದದ್ದು ಸುಮಾರು 13 ಮಿ.ಗ್ರಾಂ.; ವೈದ್ಯರ ನಿಗಾ ಇಲ್ಲದೆ ವಯಸ್ಕರು 40 ಮಿ.ಗ್ರಾಂ. ದಾಟಬಾರದೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಕೆಲವು ಡಬ್ಬಿಗಳ ಮೇಲೆ ಲವಣದ ತೂಕವನ್ನೂ ಕೆಲವುಗಳ ಮೇಲೆ ಸತುವಿನ ತೂಕವನ್ನೂ ಮುದ್ರಿಸುವುದರಿಂದ ಓದಿದವರೂ ಇಲ್ಲಿ ಎಡವುತ್ತಾರೆ.

ಹೊಟ್ಟೆ ತೊಳಸುವುದು ಸಣ್ಣ ತೊಂದರೆ. ಖಾಲಿ ಹೊಟ್ಟೆಯಲ್ಲಿ ಜಿಂಕ್ ಸಲ್ಫೇಟ್ ನುಂಗಿದ ಹಲವರಿಗೆ ಹೀಗಾಗುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಏರದ ಹಿಮೋಗ್ಲೋಬಿನ್. ಸತುವನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದರೆ ಕರುಳಿನ ಜೀವಕೋಶಗಳಲ್ಲಿ ಲೋಹವನ್ನು ಹಿಡಿದಿಡುವ ಒಂದು ಪ್ರೋಟೀನ್ ಹೆಚ್ಚಾಗುತ್ತದೆ. ಅದು ಸತುವಿಗಿಂತ ತಾಮ್ರವನ್ನೇ ಬಿಗಿಯಾಗಿ ಹಿಡಿಯುವುದರಿಂದ ಆಹಾರದ ತಾಮ್ರ ರಕ್ತಕ್ಕೆ ಸೇರದೆ, ಉದುರುವ ಜೀವಕೋಶಗಳ ಜೊತೆ ಮಲದಲ್ಲಿ ಹೊರಟುಹೋಗುತ್ತದೆ. ತಾಮ್ರದ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ, ಮತ್ತು ಅದು ಕಬ್ಬಿಣದ ಮಾತ್ರೆಗೆ ಜಗ್ಗುವುದಿಲ್ಲ. ಬಿಳಿ ರಕ್ತಕಣಗಳು ಕಡಿಮೆಯಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಇದರ ಮುಂದಿನ ಹಂತಗಳು. ನಿಮಗೆ ಆಗಿರುವುದು ಇದೇ ಎಂದು ಪತ್ರ ನೋಡಿ ಹೇಳಲಾಗದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿರಬಹುದು, ಅಥವಾ ಒಟ್ಟಿಗೆ ನುಂಗಿದ ಸತು ಮತ್ತು ಕಬ್ಬಿಣ ಒಂದನ್ನೊಂದು ತಡೆಯುತ್ತಿರಬಹುದು. ಸತುವನ್ನು ಇಂದೇ ನಿಲ್ಲಿಸಿ, ವೈದ್ಯರಿಗೆ ಈ ಐದು ತಿಂಗಳ ವಿಷಯವನ್ನು ಮುಚ್ಚಿಡದೆ ತಿಳಿಸಿ, ರಕ್ತಕಣಗಳ ಎಣಿಕೆಯ ಜೊತೆಗೆ ತಾಮ್ರದ ಮಟ್ಟವನ್ನೂ ಪರೀಕ್ಷಿಸಬೇಕೇ ಎಂದು ಕೇಳಿ. ಕಬ್ಬಿಣದ ಮಾತ್ರೆಯನ್ನು ಅವರು ಹೇಳುವವರೆಗೆ ಬಿಡಬೇಡಿ.

ಇನ್ನು ಮೊಡವೆಯ ಮಾತು. ಸತು ಉರಿಯೂತವನ್ನು ತಗ್ಗಿಸುತ್ತದೆ. ಆದ್ದರಿಂದಲೇ ಕೆಂಪಗೆ ಊದಿದ, ಕೀವು ಕಟ್ಟಿದ ಮೊಡವೆಗಳಲ್ಲಿ ಅದರ ಗುಣ ಕಾಣುತ್ತದೆಯೇ ಹೊರತು ಕಪ್ಪುತಲೆಯ ಚಿಕ್ಕ ಮೊಡವೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. 1977ರಲ್ಲಿ ಸ್ವೀಡನ್ನಿನ ವೈದ್ಯರು ದಿನಕ್ಕೆ 135 ಮಿ.ಗ್ರಾಂ. ಸತು ಕೊಟ್ಟು ಒಳ್ಳೆಯ ಫಲ ಕಂಡರು. ಅದು ಹನ್ನೆರಡು ವಾರಗಳ, ವೈದ್ಯರ ಕಣ್ಣೆದುರಿನ ಪ್ರಯೋಗ. ಆ ಪ್ರಮಾಣವನ್ನು ಮನೆಯಲ್ಲಿ ಅನುಕರಿಸಬಾರದು. 2001ರಲ್ಲಿ ಪ್ರಕಟವಾದ 332 ರೋಗಿಗಳ ಅಧ್ಯಯನವೊಂದರಲ್ಲಿ 30 ಮಿ.ಗ್ರಾಂ. ಸತುವನ್ನು ಮಿನೋಸೈಕ್ಲಿನ್ ಎಂಬ ಆಂಟಿಬಯಾಟಿಕ್‌ನೊಂದಿಗೆ ಹೋಲಿಸಿದಾಗ ಎರಡರಿಂದಲೂ ಗುಣ ಕಂಡಿತಾದರೂ ಆಂಟಿಬಯಾಟಿಕ್ಕೇ ಮೇಲುಗೈ ಸಾಧಿಸಿತು. ನನ್ನ ಮಟ್ಟಿಗೆ ಸತು ಜೊತೆಗಾರ ಔಷಧವೇ ಹೊರತು ಮುಖ್ಯ ಔಷಧವಲ್ಲ. ನಿಮ್ಮ ಉಳಿದ ಅರ್ಧ ಮೊಡವೆಗೆ ಚರ್ಮವೈದ್ಯರು ಬರೆದುಕೊಡುವ ಅಡಾಪಲೀನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್‌ನಂತಹ ಲೇಪನ ಹೆಚ್ಚು ಕೆಲಸ ಮಾಡುತ್ತದೆ. ಅವರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬರೆದರೆ ಕಬ್ಬಿಣದ ಮಾತ್ರೆಯ ವಿಷಯ ನೆನಪಿಸಿ. ಒಟ್ಟಿಗೆ ಸೇವಿಸಿದರೆ ಡಾಕ್ಸಿಸೈಕ್ಲಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಆಹಾರದಿಂದ ಬರುವ ಸತುವಿಗೆ ಈ ಭಯವಿಲ್ಲ. ಎಳ್ಳು, ಸಿಹಿಗುಂಬಳದ ಬೀಜ, ಗೋಡಂಬಿ, ಕಾಳುಗಳು, ತಿನ್ನುವವರಿಗೆ ಮೊಟ್ಟೆ ಮತ್ತು ಮಾಂಸ ಸಾಕು. ಕಾಳು ಮತ್ತು ಇಡೀ ಧಾನ್ಯಗಳಲ್ಲಿರುವ ಫೈಟೇಟ್ ಸತುವನ್ನು ಹಿಡಿದುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದಾಗ, ಹಿಟ್ಟು ಹುದುಗಿದಾಗ ಆ ಹಿಡಿತ ಸಡಿಲವಾಗುವುದರಿಂದ ಮೊಳಕೆ ಹುರುಳಿಯ ಪಲ್ಯ ಮತ್ತು ಹುಳಿ ಬಂದ ಹಿಟ್ಟಿನ ದೋಸೆ ಒಳ್ಳೆಯವು.

ಪ್ರಶ್ನೆ: ಉಪ್ಪಿನ ಅಯೋಡಿನ್‌ನಿಂದ ಮೊಡವೆ ಹೆಚ್ಚುತ್ತದೆಂದು ಕೇಳಿ, 16 ವರ್ಷದ ಮಗನಿಗಾಗಿ ಮನೆಮಂದಿಯೆಲ್ಲ ಕಲ್ಲುಪ್ಪಿಗೆ ಬದಲಾಗಿದ್ದೇವೆ. ಸರಿಯೇ?
– ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಸರಿಯಲ್ಲ. ಅಯೋಡಿನ್‌ನಿಂದ ಮೊಡವೆಯಂತಹ ಗುಳ್ಳೆಗಳೇಳುವುದುಂಟು, ಆದರೆ ಕಡಲಪಾಚಿಯ ಮಾತ್ರೆ ಅಥವಾ ಅಯೋಡೈಡ್ ಇರುವ ಔಷಧಗಳ ಮೂಲಕ ದೊಡ್ಡ ಪ್ರಮಾಣದಲ್ಲಿ ಸೇರಿದಾಗ. ಮನೆಯ ಉಪ್ಪಿನಲ್ಲಿ ಗ್ರಾಹಕರ ಕೈಸೇರುವ ಹೊತ್ತಿಗೆ ಇರಬೇಕಾದ ಕನಿಷ್ಠ ಅಯೋಡಿನ್ ಒಂದು ಗ್ರಾಂಗೆ 15 ಮೈಕ್ರೋಗ್ರಾಂ ಮಾತ್ರ. ಅದೂ ಅಲ್ಲದೆ ನಿಮ್ಮದು ಅಯೋಡಿನ್ ಕೊರತೆಯಿಂದ ಬರುವ ಗಳಗಂಡಕ್ಕೆ ಹೆಸರಾಗಿದ್ದ ಮಲೆನಾಡಿನ ಜಿಲ್ಲೆ. ಹರಳುಪ್ಪೇ ರುಚಿಯೆನಿಸಿದರೆ ಅಯೋಡಿನ್ ಸೇರಿಸಿದ ಹರಳುಪ್ಪೂ ಸಿಗುತ್ತದೆ, ಪೊಟ್ಟಣ ನೋಡಿ ಕೊಳ್ಳಿ.