ಪಲ್ಪರ್ ಹಿಡಿಗೆ ಟ್ಯೂಬ್ ಸುತ್ತಬೇಡಿ, ತಿರುಗೋ ಹಿಡಿ ಹಾಕಿ

ಅಣ್ಣಾ, ಫೋಟೋ ನೋಡಿದ ಕೂಡ್ಲೇ ಬರೀತಿದ್ದೀನಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಕೈ ಪಲ್ಪರ್ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ಟೇಪ್ ಹೊಡೆದಿದ್ದೀರ, ಆದ್ರೂ ಅಂಗೈ ಬೊಬ್ಬೆ ಬರ್ತಿದೆ, ಇನ್ನೂ ದಪ್ಪ ಫೋಮ್ ಗ್ರಿಪ್ ತರ್ಲಾ ಅಂತ ಕೇಳಿದ್ದೀರ. ದಯವಿಟ್ಟು ತರಬೇಡಿ. ನಮ್ಮನೇಲೂ ಒಂದು ಸೀಸನ್ ಪೂರ್ತಿ ಹೀಗೇ ಸುತ್ತಿ ಸುತ್ತಿ ಕೆಲಸದವರ ಕೈ ಕಿತ್ತು ಹೋಗಿತ್ತು. ಬೊಬ್ಬೆ ಬರೋದು ಹಿಡಿ ರಾಡ್ ಮೇಲೆ ತಾನಾಗೇ ತಿರುಗದೇ ಇರೋದ್ರಿಂದ. ಚಕ್ರ ಒಂದು ಸುತ್ತು ಬಂದ್ರೆ ಹಿಡಿನೂ ಅಂಗೈ ಒಳಗೆ ಒಂದು ಸುತ್ತು ಉಜ್ಜುತ್ತೆ, ಎಷ್ಟು ಮೆತ್ತಗೆ ಮಾಡಿದ್ರೂ ಉಜ್ಜೋದು ಉಜ್ಜೋದೇ, ರಬ್ಬರ್ ಆದ್ರೆ ಇನ್ನೂ ಜಾಸ್ತಿ ಹಿಡ್ಕೊಂಡು ಚರ್ಮ ಎಳೆಯುತ್ತೆ.

ಫೋಮ್ ಇನ್ನೂ ಕೆಟ್ಟದ್ದು. ಹಣ್ಣಿನ ಲೋಳೆ ಕುಡ್ಕೊಂಡು ರಾತ್ರಿ ಹುಳಿಯಾಗಿ ಬೆಳಗ್ಗೆ ನಾರುತ್ತೆ, ಅದೇ ಕೈಯಲ್ಲಿ ಹೊಸ ಹಣ್ಣು ಮುಟ್ತೀರ. ಮೇಲಿನ ಕಾಮೆಂಟಲ್ಲಿ ಒಬ್ರು ಟಿವಿಎಸ್ ಎಕ್ಸೆಲ್ ಮೊಪೆಡ್ ಗ್ರಿಪ್ ಹಾಕಿ ಅಂದಿದ್ದಾರೆ, ಆ ಗ್ರಿಪ್ ಇರೋದು 22 ಮಿಮೀ ಪೈಪಿಗೆ, ಪಲ್ಪರ್ ರಾಡ್ ಸಣ್ಣ ಇರುತ್ತೆ, ಆಮೇಲೆ ಎಂ-ಸೀಲ್ ಅಂಟು ತುಂಬಿಸಿ ಕೂರಿಸ್ತೀರ, ಅಲ್ಲಿಗೆ ಮತ್ತೆ ತಿರುಗದ ಹಿಡಿನೇ ಆಯ್ತು.

ರಾಡ್ ಮೇಲೆ ಸಡಿಲವಾಗಿ ತಿರುಗೋ ಮರದ ಹಿಡಿ ನಾನು ಹೇಗೆ ಮಾಡಿದ್ದೀನಿ ಅಂತ ಹೇಳ್ತೀನಿ. ಹಳೇ ರೊಬಸ್ಟಾ ಕಾಫಿ ಗಿಡದ ಕಾಂಡ, ಇಲ್ಲಾಂದ್ರೆ ಸೀಬೆ ಕೊಂಬೆ, ನೆರಳಲ್ಲಿ ಚೆನ್ನಾಗಿ ಒಣಗಿದ್ದು. ಹಸಿ ಮರ ಬೇಡ್ವೇ ಬೇಡ, ಬಿಸಿಲಿಗೆ ಹಾಕಿ ಅವಸರದಲ್ಲಿ ಒಣಗಿಸೋದೂ ಬೇಡ, ಸೀಳುತ್ತೆ. ಬಿಳಿ ಕಾಂಡಕೊರಕ ಹುಳ ಬಿದ್ದು ಕಿತ್ತ ಅರೇಬಿಕಾ ಕಾಫಿ ಗಿಡದಿಂದ ಮಾತ್ರ ತಗೋಬೇಡಿ, ಒಳಗೆಲ್ಲ ಸುರಂಗ ಇರುತ್ತೆ, ಆ ಗಿಡ ಕಿತ್ತು ಸುಡಬೇಕಾದ್ದು, ಶೆಡ್ಡಿಗೆ ತಂದು ಇಟ್ಕೊಳ್ಳೋದಲ್ಲ. ಸಿಲ್ವರ್ ಓಕ್ ನಂಗೆ ಹಿಡಿಸ್ಲಿಲ್ಲ, ಸಿಗುರು ಏಳುತ್ತೆ. ಕಾಂಡದ ನಡು ತಿರುಳಲ್ಲೇ ತೂತು ಹೊಡೆಸಿ, ತಿರುಳು ಹೋದ್ರೆ ಬಿರುಕು ಬಿಡೋದು ಕಮ್ಮಿ. ಗೋಣಿಕೊಪ್ಪಲೋ ಕುಶಾಲನಗರನೋ, ಯಾವ ಲೇತ್ ಅಂಗಡಿಯಲ್ಲಾದ್ರೂ ಮಾಡಿ ಕೊಡ್ತಾರೆ. ಹೊರಗಿನ ದಪ್ಪ 32ರಿಂದ 36 ಮಿಮೀ, ಉದ್ದ 12 ಸೆಂಮೀಗೆ ಕಮ್ಮಿ ಬೇಡ, ಗ್ಲೌಸ್ ಹಾಕೋರಾದ್ರೆ ಒಂದೆರಡು ಸೆಂಮೀ ಸೇರಿಸಿ. ತೂತು ರಾಡಿಗಿಂತ 1 ಮಿಮೀ ಜಾಸ್ತಿ ಇರ್ಲಿ, ಮರ ನೀರು ಕುಡಿದು ಉಬ್ಬುತ್ತೆ, ಬಿಗಿ ಮಾಡಿದ್ರೆ ಮೊದಲನೇ ದಿನ ಸಂಜೆಗೇ ಕಚ್ಕೊಳ್ಳುತ್ತೆ. ಎರಡೂ ತುದಿಗೆ ವಾಷರ್, ಹೊರತುದಿಗೆ ನೈಲಾನ್ ಲಾಕ್ ನಟ್. ಬರೀ ನಟ್ ಹಾಕಿದ್ರೆ ತಿರುಗಿ ತಿರುಗಿ ಬಿಚ್ಕೊಂಡು ಹಣ್ಣಿನ ಒಳಗೆ ಬೀಳುತ್ತೆ, ಸಿಪ್ಪೆ ಬಿಡಿಸೋ ಡ್ರಮ್ಮಿನ ತಾಮ್ರದ ತಗಡು ಹರಿದ್ರೆ ಗೊತ್ತಲ್ಲ ಖರ್ಚು. ರಾಡ್ ನಟ್‌ನಿಂದ ಆಚೆ ಚಾಚಿರೋದನ್ನ ಕತ್ತರಿಸಿ ಅರ ಹಾಕಿ, ಸೀರೆ ಶಾಲು ಸಿಕ್ಕೋದು ಅಲ್ಲೇ.

ಬೆರಳಿಗೆ ಅಂತ ಗುಳಿ ಕೊರೆಸಬೇಡಿ, ಒಬ್ಬರ ಕೈಗೆ ಸರಿಯಾದ್ದು ಇನ್ನೊಬ್ಬರಿಗೆ ಚುಚ್ಚುತ್ತೆ. ವಾರ್ನಿಷ್ ಬೇಡ, ಲೋಳೆ ತಾಗಿದ್ರೆ ಮೀನಿನ ಥರ ಜಾರುತ್ತೆ. ಅಗಸೆ ಎಣ್ಣೆ ಎರಡು ಸಲ ಕುಡಿಸಿ ಒಣಗಿಸಿ, ಸಾಕು. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಗೋಡೌನಲ್ಲಿ ಬಿಸಾಡಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ, ಹೊರಗೆ ಹರಡಿ ಒಣಗಿಸಿ. ಒಳಗಿನ ತೂತಿಗೆ ಜೇನುಮೇಣ ಉಜ್ಜಿ. ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗ್ಗೆ ನಮ್ಮಲ್ಲಿ ಗಟ್ಟಿಯಾಗಿರುತ್ತೆ, ಡಬ್ಲ್ಯೂಡಿ-40 ತುಕ್ಕು ಬಿಡಿಸೋಕೆ ಒಳ್ಳೇದು, ದಿನಾ ತಿರುಗೋ ಜಾಗಕ್ಕೆ ನಿಲ್ಲಲ್ಲ, ಹಣ್ಣಿನ ಪಕ್ಕ ಅದನ್ನ ಸ್ಪ್ರೇ ಮಾಡೋದೂ ಸರಿಯಲ್ಲ.

ಇನ್ನೊಂದು, ಕೈಗಿಂತ ಭುಜ ಜಾಸ್ತಿ ನೋಯ್ತಿದ್ರೆ ಹಿಡಿ ಬದಲಾಯಿಸಿ ಪ್ರಯೋಜನ ಇಲ್ಲ, ಸ್ಟ್ಯಾಂಡ್ ಎತ್ತರ ನೋಡಿ. ಚಕ್ರದ ನಡುವಿನ ಆಕ್ಸಲ್ ಸೊಂಟದಿಂದ ಮೊಣಕೈ ಮಧ್ಯೆ ಬರಬೇಕು, ಹಿಡಿ ಮೇಲೆ ಹೋದಾಗ ಭುಜ ದಾಟಬಾರದು. ಕೆಲವರು ಆಕ್ಸಲ್‌ನಿಂದ ಹಿಡಿವರೆಗಿನ ತೋಳು ಉದ್ದ ಮಾಡ್ಸಿ ಅಂತಾರೆ, ಭಾರ ಕಮ್ಮಿ ಆಗುತ್ತೆ ನಿಜ, ಆದ್ರೆ ಕೈ ಅಷ್ಟೇ ದೊಡ್ಡ ಸುತ್ತು ಹೊಡೀಬೇಕು, ಗಿಡ್ಡ ಇರೋರಿಗೆ ಬೆನ್ನು ಹೋಗುತ್ತೆ.

ಭಾರ ಯಾಕೆ ಬರ್ತಿದೆ ಅಂತನೂ ನೋಡಿ ಮಾರಾಯ್ರೆ. ಫೋಟೋದಲ್ಲಿ ಬುಟ್ಟೀಲಿ ಹಸಿರು ಕಾಯಿ ಕಾಣ್ತಿದೆ, ಅದು ಸಿಪ್ಪೆ ಬಿಡಲ್ಲ, ಸಿಕ್ಕಿ ನಿಲ್ಲುತ್ತೆ, ಬೀಜನೂ ಕತ್ತರಿಸುತ್ತೆ. ನೀರಲ್ಲಿ ತೇಲಿಸಿ ಜೊಳ್ಳು ತೆಗೀರಿ, ಹಸಿರು ಕಾಯಿ ಕೈಯಲ್ಲಿ ಆರಿಸಿ ತೆಗೀರಿ. ಹಣ್ಣು ಹಾದು ಹೋಗೋಕೆ ಡ್ರಮ್ ಪಕ್ಕ ಅರೇಬಿಕಾಕ್ಕೆ ಅಂತ ಇಟ್ಟ ಗ್ಯಾಪಲ್ಲೇ ರೊಬಸ್ಟಾ ಹಾಕಬೇಡಿ, ಮೊದಲು ಒಂದು ಹಿಡಿ ಹಣ್ಣು ಬಿಟ್ಟು ನೋಡಿ, ಬೀಜಕ್ಕೆ ಗಾಯ ಆಗ್ತಿದ್ರೆ ಸಡಿಲ ಮಾಡಿ, ಹಣ್ಣು ಹಾಗೇ ಹೊರಗೆ ಬರ್ತಿದ್ರೆ ಬಿಗಿ ಮಾಡಿ. ಕೊಯ್ದ ದಿನವೇ ಪಲ್ಪ್ ಮಾಡಿ, ಮರುದಿನಕ್ಕೆ ಇಟ್ರೆ ಚೀಲದಲ್ಲೇ ಹುಳಿ ಬರೋಕೆ ಶುರು.

ಮುಂದೆ ಮೋಟರ್ ಹಾಕೋ ಯೋಚನೆ ಇದ್ರೆ ಅವತ್ತು ಈ ಹಿಡಿ ಬಿಚ್ಚಿ ತೆಗೆದಿಡಿ. ಮೋಟರ್ ಓಡುವಾಗ ಹಿಡಿ ಹಾಗೇ ಬಿಟ್ಟಿರೋದನ್ನ ನಾನು ನೋಡಿದ್ದೀನಿ, ಮಕ್ಕಳು ಓಡಾಡೋ ಜಾಗ, ಮೊಣಕೈ ಮುರಿಯುತ್ತೆ. ಈಗ ಟ್ಯೂಬ್ ಬಿಚ್ಚಿ ಒಳಗಿನ ರಾಡ್ ಎಷ್ಟು ಮಿಮೀ, ತುದೀಲಿ ಥ್ರೆಡ್ ಇದೆಯಾ ಅಂತ ನೋಡಿ ಇಲ್ಲೇ ಹಾಕಿ, ಯಾವ ಅಳತೆ ತೂತು ಹೊಡೆಸಬೇಕು ಅಂತ ಹೇಳ್ತೀನಿ.